ಫ್ಲೆಕ್ಸಿನ ಮೇಲೆ ಹುರುಳಿ

ಹುಳು ಬಿದ್ದ ಹುರುಳಿಯನ್ನು ಬಿಸಿಲಿಗೆ ಹರವುವಾಗ ಕವನ ಮೊದಲು ತನ್ನ ಮುಖವನ್ನೇ ಮುಚ್ಚಿದಳು.

ಕೆಳಗೆ ಹಾಸಿದ್ದು ಅವಳದೇ ಫ್ಲೆಕ್ಸು. ‘ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ತೆರಳುತ್ತಿರುವ ಹದಿನಾರು ಗ್ರಾಮದ ಮಗಳಿಗೆ ಅಭಿನಂದನೆಗಳು.’ ಸರ್ಕಾರದ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಹೆಸರು ಬಂದ ದಿನವೇ ಬೀದಿಯವರು ಕಟ್ಟಿಸಿದ್ದರು. ತಿಂಗಳು ತುಂಬುವುದರೊಳಗೆ ಅಲ್ಲಿನ ಯೂನಿವರ್ಸಿಟಿ ಹೊರದೇಶದವರ ಫೀಸು ಏರಿಸಿತು. ಸ್ಕಾಲರ್‌ಶಿಪ್ಪಿಗೆ ಮಿತಿ ಇತ್ತು. ಮೇಲಿನ ಎಂಟು ಲಕ್ಷ ಅವಳ ಮನೆಯಲ್ಲಿ ಹುಟ್ಟುವ ದುಡ್ಡಲ್ಲ.

ಫ್ಲೆಕ್ಸು ಬಿಚ್ಚಿ ತಂದವಳು ಅವ್ವ ಜವರಮ್ಮ. “ಹುರುಳಿಗಾದ್ರೂ ಆಯ್ತದೆ” ಎಂದಷ್ಟೇ ಹೇಳಿದ್ದಳು.

“ಮೂಗು ಬುಟ್ಟು ಮಿಕ್ಕಿದ್ದೆಲ್ಲ ಮುಚ್ಚಿದೀಯ.”

ರಾಜೇಂದ್ರ. ಸೋಸಲೆಯಿಂದ ಬಂದು, ನರಸೀಪುರದಲ್ಲಿ ಬಸ್ಸು ಬದಲಿಸಿ, ಪ್ರತಿ ಶನಿವಾರದಂತೆ ಈ ಶನಿವಾರವೂ ಬಂದಿದ್ದ. ಮೈಸೂರಿನಲ್ಲಿ ಎಂಎಸ್ಸಿ ಓದುವಾಗ ಅವಳ ಬೆಂಚಿನಲ್ಲೇ ಕೂತವನು.

“ಅಲ್ಲಿನ ಹುಡುಗ್ರಿಗಿಂತ ನಮಗೆ ಮೂರು ಪಟ್ಟು ಫೀಸಂತೆ,” ಎಂದಳು. “ನಾವೇನು ಮೂರು ಜನದ ಜಾಗ ಹಿಡಿತೀವಾ?”

“ನೀನು ಹಿಡೀತಿದ್ದೆ. ನಂಗೆ ಅರ್ಧ ಬೆಂಚೂ ಬುಡ್ತಿರ್ಲಿಲ್ಲ.”

ಅವಳ ತುಟಿ ಸ್ವಲ್ಪ ನಕ್ಕಿತು. ಅವನು ಅದನ್ನೇ ನೋಡುತ್ತಾ ನಿಂತ.

“ಇಷ್ಟು ವರ್ಷದಲ್ಲಿ ನಂಗೊಂದು ಲೆಟರ್ ಬರೆದಿದ್ಯಾ ನೀನು?”

ಕವನ ಕಾಳು ಕೆದಕಿದಳು. ಬರೆದಿದ್ದಳು. ಹದಿನೆಂಟು ದಿನದಿಂದ ಅದು ಅವಳ ಬ್ಯಾಗಿನಲ್ಲೇ ಇತ್ತು.

ಪಟ್ಟಿಯಲ್ಲಿ ಅವಳ ನಂತರದ ಹೆಸರು, ಕಾಯುವವರಲ್ಲಿ ಮೊದಲನೆಯದು, ರಾಜೇಂದ್ರನದು. ಅವನಿಗೆ ಸೀಟು ಕೊಟ್ಟ ಯೂನಿವರ್ಸಿಟಿಯ ಫೀಸು ಮಿತಿಯೊಳಗೇ ಇತ್ತು. ತನಗೆ ಬೇಡವೆಂದು ಅವಳು ಬರೆದುಕೊಟ್ಟರೆ ಅವನು ಹೋಗಬಹುದು. ಬುಧವಾರದೊಳಗೆ ಕಾಗದ ಇಲಾಖೆಗೆ ಸೇರದಿದ್ದರೆ ಇಬ್ಬರಿಗೂ ಇಲ್ಲ. ಇದು ಅವನಿಗೂ ಗೊತ್ತು. ಒಂದು ಸಲವೂ ಕೇಳಿರಲಿಲ್ಲ.

“ಮುಂದಿನ್ ವರ್ಸ ಇಬ್ರೂ ಅರ್ಜಿ ಹಾಕಾನ,” ಎಂದ.

“ಮುಂದಿನ ವರ್ಷಕ್ಕೆ ನಿಂಗೆ ವಯಸ್ಸು ಮೀರ್ತದೆ.”

ಅವಳು ಕೈಯ ಧೂಳು ಕೊಡವಿ ಬ್ಯಾಗು ತಂದಳು.

“ನಡಿ, ನಂಜನಗೂಡಿಗೆ ಹೋಗಿ ಬರಾನ.”

ಪೋಸ್ಟಾಫೀಸಿನ ಕೌಂಟರಿನಲ್ಲಿ ಅವಳು ಕವರು ಇಟ್ಟಳು. ಮಡಿಕೆಯ ಅಂಚು ಸವೆದಿತ್ತು.

“ಏನಿದು?”

“ಕೇಳ್ತಿದ್ದಲ್ಲ, ಲೆಟರು. ನಿಂಗೇ ಬರೆದಿದ್ದು. ವಿಳಾಸ ಮಾತ್ರ ಇಲಾಖೆದು.”

ಅವನು ವಿಳಾಸ ಓದಿದ. ಅವನ ಅಂಗೈ ಕವರಿನ ಮೇಲೆ ಬಿತ್ತು.

“ಬ್ಯಾಡ ಕವನ. ನಾನು ಅಲ್ಲಿಗ್ ಹೋದ್ರೂ...”

“ವಾಪಸ್ ಬತ್ತೀನಿ ಅನ್ನಬೇಡ. ಅಂದ್ರೆ ನಾನು ಕಾಯ್ತೀನಿ.”

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಕೆಮ್ಮಿದರು. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಸ್ಪೀಡ್ ಪೋಸ್ಟಾ? ಕಳಿಸೋರ ಹೆಸರು ಹೇಳಮ್ಮ,” ಎಂದರು ಒಳಗಿನವರು.

ಹೇಳಿದಳು. ಸೀಲು ಬೀಳುವವರೆಗೂ ಅವನ ಕಿರುಬೆರಳೊಂದನ್ನು ಮಾತ್ರ ಬಿಡಲಿಲ್ಲ.