ಕದವಿಲ್ಲದ ತೋಟಕ್ಕೆ ಕದ ಇಟ್ಟ ದ್ಯಾವಣ್ಣ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ತಂಪಿನಗರಿ ಎಂಬ ರಾಜ್ಯವಿತ್ತು. ಅಲ್ಲಿ ಕದವೇ ಇಲ್ಲದ ಒಂದು ತೋಟ. ಯಾರು ಬೇಕಾದರೂ ನೋಡಲು ಬರಬಹುದು. ಬರುವಾಗ ತಮ್ಮ ಮನೆಯ ಅಂಗಳದ ಒಂದು ಹಿಡಿ ಮಣ್ಣು ತಂದು ಹಾಕಬೇಕು, ಅಷ್ಟೇ ಕಟ್ಟಳೆ. ಆ ಮಣ್ಣಿನಲ್ಲಿ ಅಡಗಿ ಬಂದ ಬೀಜವನ್ನು ಇರುವೆ ಎಳೆಯುತ್ತಿತ್ತು, ಮಳೆ ಹೊತ್ತೊಯ್ಯುತ್ತಿತ್ತು, ಎಲ್ಲೋ ಒಂದು ಮೊಳಕೆ ಏಳುತ್ತಿತ್ತು. ನಾಲ್ಕು ಎಲೆ ಬರುವ ತನಕ ತೋಟಗಾರ್ತಿ ನಾಗಲವ್ವ ಅದನ್ನು ಕೀಳುತ್ತಿರಲಿಲ್ಲ. ಯಾರ ಮನೆಯದೋ, ಮೊದಲು ಮುಖ ನೋಡೋಣ ಎನ್ನುತ್ತಿದ್ದಳು. ಹೀಗೆ ಜನರೂ ಮಳೆಗಾಳಿಯೂ ಸೇರಿ ಮಾಡಿದ ತೋಟ ಅದು.

ನಾಗಲವ್ವನಿಗೆ ಒಬ್ಬನೇ ಮಗ, ದ್ಯಾವಣ್ಣ. ತಾಯಿಯೆಂದರೆ ಅವನಿಗೆ ಪ್ರಾಣ. ಒಂದು ವರ್ಷ ಅವಳು ಕಾಯಿಲೆ ಬಿದ್ದಳು. ತೋಟದಲ್ಲೇ, ರೆಂಜೆ ಮರದ ಕೆಳಗೆ ಚಾಪೆ ಹಾಸಿಸಿಕೊಂಡು ಮಲಗಿದಳು. ವೈದ್ಯರು ಕೈಚೆಲ್ಲಿದರು. ಆಗ ಜಡಕೇತು ಎಂಬ ಮಾಂತ್ರಿಕ ಬಂದ. ಇಲ್ಲಿ ಒಂದು ಎಲೆಯೂ ಉದುರದ ಹಾಗೆ, ನಿನ್ನ ತಾಯಿಯೂ ಸಾಯದ ಹಾಗೆ ಮಾಡುತ್ತೇನೆ, ತೋಟಕ್ಕೆ ಕದ ಇಡು ಎಂದ. ದ್ಯಾವಣ್ಣ ಹಿಂದುಮುಂದು ನೋಡದೆ ಒಪ್ಪಿದ. ಪಾಪ, ಯಾವ ಮಗ ತಾನೇ ಒಪ್ಪುವುದಿಲ್ಲ?

ಮಾಂತ್ರಿಕ ಮೂರು ಕರಿದಾರ ಮಂತ್ರಿಸಿದ. ಒಂದನ್ನು ಹುಲಿಯ ಕೊರಳಿಗೆ, ಇನ್ನೊಂದನ್ನು ಸರ್ಪದ ಬಾಲಕ್ಕೆ ಕಟ್ಟಿ ಕಾವಲಿಟ್ಟ. ಮೂರನೆಯದನ್ನು ದ್ಯಾವಣ್ಣನ ಕೈಯಿಂದಲೇ ತಾಯಿಯ ಮಣಿಕಟ್ಟಿಗೆ ಕಟ್ಟಿಸಿದ. ತೋಟದಲ್ಲಿ ಗಾಳಿ ನಿಂತಿತು. ನಾಡಿನ ಜೇನೆಲ್ಲ ಗೂಡು ಕಟ್ಟಿದ್ದು ಅಲ್ಲೇ, ಆ ಜೇನ್ನೊಣಗಳು ಹೂವಿನ ಮೇಲೆ ಕಲ್ಲಾದವು. ನಾಗಲವ್ವ ಸಾಯಲೂ ಇಲ್ಲ, ಕಣ್ಣು ತೆರೆಯಲೂ ಇಲ್ಲ. ಅಲ್ಲಿ ಕಳೆಯಬೇಕಾದ ದಿನಗಳನ್ನೆಲ್ಲ ಉಂಡು ಮಾಂತ್ರಿಕ ಮಾತ್ರ ಯುವಕನಾದ.

ಏಳು ವರ್ಷವಾಯಿತು. ಜೇನ್ನೊಣಗಳಿಲ್ಲದೆ ನಾಡಿನಲ್ಲಿ ಕುಂಬಳ ಕಾಯಿ ಕಚ್ಚಲಿಲ್ಲ, ಮಾವು ಫಲ ಹಿಡಿಯಲಿಲ್ಲ. ಆದರೂ ಜನ ಬರುತ್ತಿದ್ದರು. ತಂದ ಮಣ್ಣನ್ನು ಕದದ ಹೊರಗೆ ಸುರಿದು, ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಒಂದು ದಿನ ಸಣ್ಣೀರಿ ಎಂಬ ಮುದುಕಿ ದ್ಯಾವಣ್ಣನ ಮುಖ ನೋಡಿ ಹೇಳಿದಳು:

"ನಿನ್ನವ್ವ ನಿಂಗೆ ಉಳಿದ್ಲು ಕಣಪ್ಪ. ನನ್ ಮೊಮ್ಮಗಳು ಹಸ್ಕೊಂಡೇ ಹೋದ್ಲು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ದ್ಯಾವಣ್ಣ ಕದದ ಹೊರಗಿನ ಗುಡ್ಡೆಯಿಂದ ಕಾಡಿನವರು ತಂದ ಮಣ್ಣು ಒಂದು ಹಿಡಿ, ಅಂಗಳದಲ್ಲಿ ಹುತ್ತವಿದ್ದವರು ತಂದ ಮಣ್ಣು ಒಂದು ಹಿಡಿ ಆರಿಸಿಕೊಂಡು ಒಳಗೆ ಹೋದ. ಹುಲಿ ಅಡ್ಡ ಬಂದು, ಏನು ತಂದಿದ್ದೀಯ ಎಂದಿತು. ನಿನ್ನ ಮನೆಯ ಮಣ್ಣು ಎಂದು ಕಾಡಿನ ಮಣ್ಣು ಹಿಡಿದ. ಹುಲಿ ಮೂಸಿತು, ಅತ್ತಿತು, ಕೊರಳು ಬಗ್ಗಿಸಿತು. ದ್ಯಾವಣ್ಣ ಮೊದಲ ದಾರದ ಗಂಟು ಬಿಚ್ಚಿದ. ಸರ್ಪ ಅಡ್ಡ ಬಂದು, ಏನು ತಂದಿದ್ದೀಯ ಎಂದಿತು. ನಿನ್ನ ಮನೆಯ ಮಣ್ಣು ಎಂದು ಹುತ್ತದ ಮಣ್ಣು ಹಿಡಿದ. ಸರ್ಪ ಹೆಡೆ ಇಳಿಸಿ ಬಾಲ ಚಾಚಿತು. ಎರಡನೆಯ ಗಂಟೂ ಬಿಚ್ಚಿತು.

ಮೂರನೆಯದಕ್ಕೆ ಯಾವ ಕಾವಲೂ ಇರಲಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಅವನು ತಾಯಿಯ ಕೈ ಹಿಡಿದು ಕುಳಿತಿದ್ದ. ಮುಟ್ಟಿದ, ಬಿಟ್ಟ. ಮುಟ್ಟಿದ, ಬಿಟ್ಟ. ಕೊನೆಗೆ ಕಣ್ಣು ಮುಚ್ಚಿ ಗಂಟು ಬಿಚ್ಚಿದ.

ನಾಗಲವ್ವ ಕಣ್ಣು ತೆರೆದಳು. "ಯಾಕಪ್ಪ, ಜನಾನೇ ಕಾಣಿಸ್ತಿಲ್ಲ?"

"ನಾನೇ ಕದ ಹಾಕ್ದೆ ಕಣವ್ವ. ನೀನು ಹೋಗ್ಬಿಡ್ತೀಯ ಅಂತ."

ಅವಳು ಅವನ ತಲೆ ಸವರಿದಳು. "ಹೋಗು ಮಗ, ತೆಗಿ. ಬಿಸಿಲಲ್ಲಿ ನಿಂತಿರ್ತಾರೆ."

ಅವನು ಕದ ತೆಗೆದು ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಏಳು ವರ್ಷದ ಎಲೆಗಳು ಒಟ್ಟಿಗೆ ಉದುರಿ ಅವಳನ್ನು ಮುಚ್ಚಿದವು. ಮಾಂತ್ರಿಕ ಉಂಡಿದ್ದ ದಿನಗಳೆಲ್ಲ ಒಮ್ಮೆಗೇ ಅವನ ಮೇಲೆ ಬಿದ್ದು, ಅವನು ಬೂದಿಯಾದ. ಜೇನ್ನೊಣಗಳು ಹೊಲಗಳ ಕಡೆಗೆ ಹಾರಿದವು.

ಆಮೇಲೆ ತಂಪಿನಗರಿಯಲ್ಲಿ ಕುಂಬಳ ಬಿಟ್ಟಿತು, ಮಾವು ತೂಗಿತು, ಜನ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ದ್ಯಾವಣ್ಣನೂ ಸುಖವಾಗಿದ್ದ ಎಂದೇ ಹೇಳಬೇಕು. ಊಟದ ಹೊತ್ತಿಗೆ ಮಾತ್ರ ಎರಡು ಎಲೆ ಹಾಸುತ್ತಿದ್ದ, ಸ್ವಲ್ಪ ಹೊತ್ತು ನೋಡಿ ಒಂದನ್ನು ಮಡಿಸಿ ಎತ್ತಿಡುತ್ತಿದ್ದ.