ಸಂತೆಯಲ್ಲಿ ಅನುಷಾಳ ಹಾಡು

2025ರ ಜುಲೈ 9, ಮಧ್ಯಾಹ್ನ 12.40. ಬಡವನಹಳ್ಳಿ ಸಂತೆಯಿಂದ ಮಂಜಮ್ಮ ನೇರ ಠಾಣೆಗೆ ಬಂದರು. ಕೈಚೀಲ ಖಾಲಿಯಿತ್ತು.

"ನನ್ನ ಮಗಳು ಸಂತೇಲಿ ಹಾಡ್ತಾವ್ಳೆ ಕಣಪ್ಪ."

ಪೇದೆ ಭೀಮರಾಜು ಪೆನ್ನು ಕೆಳಗಿಟ್ಟ. "ಸತ್ತೋದೋಳು ಹೆಂಗಮ್ಮ ಹಾಡ್ತಾಳೆ?"

"ಅದನ್ನ ಕೇಳಕ್ಕೇ ಬಂದಿರೋದು."

ಅನುಷಾ ಎರಡು ವರ್ಷದ ಹಿಂದೆ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿದೆ ಎಂದು ಅಸಹಜ ಮರಣದ ಕಡತ ಮುಚ್ಚಲಾಗಿತ್ತು. ಅವಳ ಮ್ಯೂಸಿಕ್ ಫೋನು ಮಾತ್ರ ಸಿಕ್ಕಿರಲಿಲ್ಲ. ಹಾಡಿಗೆಂದೇ ಪಕ್ಕದಲ್ಲಿ ಕೆಂಪು ಗುಂಡಿಗಳಿದ್ದ ಫೋನು. ಕೆಸರಿನಲ್ಲಿ ಹೂತಿರಬಹುದು ಎಂದು ಕಡತದಲ್ಲಿ ಬರೆದಿತ್ತು.

ಇನ್‌ಸ್ಪೆಕ್ಟರ್ ಮಹಜಬೀನ್ ಮಂಜಮ್ಮನನ್ನು ಕರೆದುಕೊಂಡು ಸಂತೆಗೆ ಹೋದರು. ಬಳೆ ಮಾರುವ ಸಣ್ಣರಂಗಯ್ಯ ತನ್ನ ಫೋನಿನಲ್ಲಿ ಆ ಹಾಡು ಹಾಕಿದ. ಸ್ವಲ್ಪ ಒಡೆದ, ಎಳೆಯ ದನಿಯ ಸೋಬಾನೆ. ಮೂರನೆಯ ಸಾಲಿನ ನಡುವೆ ನಿಂತುಹೋಯಿತು. ಬಟ್ಟೆ ಸರಸರ ಎಂದಿತು. ಆಮೇಲೆ ಅದೇ ದನಿ: "ಅಣ್ಣ, ಬುಡು. ಫೋನ್ ಕೊಡಣ್ಣ."

"ಕಡೇಲಿ ಮಾತಾಡ್ತಾಳಲ್ಲ, ಯಾವ್ದೋ ನಾಟಕದ್ದು ಅನ್ಕಂಡಿದ್ದೆ ಮೇಡಂ," ಎಂದ ಸಣ್ಣರಂಗಯ್ಯ.

"ಅವಳಿಗೆ ಅಣ್ಣ ಇದ್ದಾನಾ?" ಮಹಜಬೀನ್ ಮಂಜಮ್ಮನನ್ನು ಕೇಳಿದರು.

"ಒಬ್ಳೇ ಮಗಳು ಕಣಮ್ಮ."

ಸಣ್ಣರಂಗಯ್ಯ ಹಾಡು ತುಂಬಿಸಿಕೊಂಡದ್ದು ಶಿರಾದ ನದೀಮನ ಮೊಬೈಲ್ ಅಂಗಡಿಯಲ್ಲಿ. ಸಂಜೆ 4.10ಕ್ಕೆ ಜೀಪು ಮಂಜಮ್ಮನನ್ನೂ ಕೂರಿಸಿಕೊಂಡು ಹೋಗಿ ಅಲ್ಲಿ ನಿಂತಿತು.

"ಯಾರ ಕಾರ್ಡಲ್ಲಿ ಹೊಸ ಹಾಡಿದ್ರೂ ನಮ್ಮ ಕಂಪ್ಯೂಟರಿಗೆ ಇಳಿಸ್ಕೋತೀವಿ ಮೇಡಂ. ಆಮೇಲೆ ಕೇಳಿದೋರಿಗೆಲ್ಲ ಹಾಕ್ಕೊಡೋದು. ಎಲ್ಲಾ ಅಂಗಡೀಲೂ ಹಂಗೇ," ಎಂದ ನದೀಮ.

ಕಂಪ್ಯೂಟರಿನಲ್ಲಿ ಆ ಹಾಡಿನ ದಿನಾಂಕ 2023ರ ಮೇ 11, ಸಂಜೆ 5.22. ಅದೇ ಸಂಜೆ 6.30ಕ್ಕೆ ಅನುಷಾಳ ಶವ ಕಂಡಿತ್ತು.

"ತಂದವನು ಯಾರು?"

"ಮೈಕ್‌ಸೆಟ್ ರಂಗನಾಥ. ಆ ಕೆಂಪು ಗುಂಡಿ ಡಬ್ಬಾ ಫೋನು ಈಗ ಯಾರ್ ತರ್ತಾರೆ, ಅದಕ್ಕೇ ನೆನಪು. ಸ್ಪೀಕರ್ ಹೋಗಿತ್ತು. ಹೊಸದು ಕೂರಿಸಿ ಬೇರೆ ಹಾಡು ಹಾಕ್ದೆ. ಬೇಡ, ಇದನ್ನೇ ಹಾಕು ಅಂದ. ಮೂರು ಸಲ ಕೇಳ್ದ."

ಆ ಹೆಸರು ಮಂಜಮ್ಮನಿಗೆ ಗೊತ್ತಿತ್ತು. ಮದುವೆಗಳಲ್ಲಿ ಹಾಡಿಸಲು ಅನುಷಾಳನ್ನು ತಂಗೀ ತಂಗೀ ಎಂದು ಕರೆದೊಯ್ಯುತ್ತಿದ್ದವನು ಅವನೇ.

"ತಿಥಿಗೆ ಅವ್ನೇ ಬಂದು ಮೈಕು ಕಟ್ಟಿದ್ನಲ್ಲಮ್ಮ."

ಆ ದಿನವೇ ಎಫ್‌ಐಆರ್ ದಾಖಲಾಯಿತು.

ಜುಲೈ 10, ಬೆಳಿಗ್ಗೆ 11.15. ಚನ್ನರಾಯನದುರ್ಗದ ಮದುವೆ ಚಪ್ಪರದಲ್ಲಿ ರಂಗನಾಥ ಮೈಕು ಪರೀಕ್ಷಿಸುತ್ತಿದ್ದ. ಜೀಪು ಕಂಡು ಅವನ "ಹಲೋ" ಅರ್ಧಕ್ಕೇ ನಿಂತಿತು. ಫೋನು ಅಂಗಿಯ ಜೇಬಿನಲ್ಲೇ ಇತ್ತು. ಪಂಚನಾಮೆಗಾಗಿ ಇಬ್ಬರು ಸಾಕ್ಷಿಗಳ ಮುಂದೆ ಹಾಡು ಹಾಕಿಸಿದಾಗ ಅವನು ಕಣ್ಣು ಮುಚ್ಚಿದ. ತುಟಿ ಮಾತ್ರ ಸಾಲಿನ ಜೊತೆ ಆಡುತ್ತಿತ್ತು.

"ಯಾಕೆ ಎಸೆಯಲಿಲ್ಲ?"

"ಎಸದ್ರೆ ಅವ್ಳು ಎಲ್ಲಿರ್ತಾಳೆ ಮೇಡಂ?"

ಪಾವಗಡದ ತಂಡವೊಂದಕ್ಕೆ ಕಳಿಸಲೆಂದು ಅನುಷಾ ಬಾವಿಕಟ್ಟೆಯಲ್ಲಿ ಆ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಅವಳು ಬೇರೆಯವರ ಮೈಕಿನಲ್ಲಿ ಹಾಡುವುದು ತನಗೆ ಸಹಿಸಲಾಗಲಿಲ್ಲ ಎಂದು ಅವನ ಹೇಳಿಕೆಯಲ್ಲಿದೆ. ಫೋನು ಕಿತ್ತುಕೊಂಡ, ತಳ್ಳಿದ. ಬಾವಿಯೊಳಗಿಂದ ಅವಳು ಎರಡು ಸಲ ಕೂಗಿದಳು. ಅವನು ಫೋನು ಹಿಡಿದು ನಿಂತೇ ಇದ್ದ.

ಫೋನಿಗೆ ಸೀಲ್ ಬಿತ್ತು. ಪ್ರಕರಣ ಮುಗಿಯುವವರೆಗೆ ಕೊಡಲಾಗದು ಎಂದು ಮಹಜಬೀನ್ ಮಂಜಮ್ಮನಿಗೆ ಹೇಳಬೇಕಾಯಿತು.

ಮುಂದಿನ ಸಂತೆಯಲ್ಲಿ ಮಂಜಮ್ಮ ಬಳೆ ಅಂಗಡಿಯ ಪಕ್ಕ ಕೂತಿದ್ದುದನ್ನು ಭೀಮರಾಜು ಕಂಡ. ಸಣ್ಣರಂಗಯ್ಯ ಏನೂ ಕೇಳದೆ ಹಾಡು ಹಾಕಿದ. ಮೂರನೆಯ ಸಾಲು ಶುರುವಾದೊಡನೆ ಅವನೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿದ.