ಹಸಿರು ದೀಪ ನೋಡಿದ ಕಣ್ಣು

ನಾನು ಕಣ್ಣಿನ ಸರ್ಜನ್, ದೆವ್ವಗಿವ್ವ ನಂಬುವವನಲ್ಲ. ಆದರೂ ಅಮೀರ್‌ಪೇಟ್‌ನ ನಮ್ಮ ಆಸ್ಪತ್ರೆಯಲ್ಲಿ ಹಾಡಹಗಲೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ದೂರದ್ದು ಕಾಣದವರಿಗೆ ಈಗ ಹೊಸ ಆಪರೇಷನ್ ಬಂದಿದೆ. ಲೇಸರ್ ಕಣ್ಣಿನೊಳಗೆ ಕೊಯ್ದಿಟ್ಟ ತೆಳು ಪದರವನ್ನು ಸಣ್ಣ ಸೀಳಿನಿಂದ ಎಳೆದು ತೆಗೆಯಬೇಕು. ಅಭ್ಯಾಸ ಮಾಡುವಾಗ ನನ್ನ ಕೈಯಲ್ಲಿ ಅದು ಪ್ರತಿಸಲವೂ ಹರಿಯುತ್ತಿತ್ತು. ಮರುದಿನವೇ ಈ ಆಪರೇಷನ್ನಿಗೆ ನನ್ನ ಮೊದಲ ಪೇಶಂಟ್. ಮತ್ತೊಮ್ಮೆ ಮಟನ್ ಅಂಗಡಿಯಿಂದ ಆಡಿನ ಕಣ್ಣು ತರಿಸಿ, ಥರ್ಮಾಕೋಲಿಗೆ ಪಿನ್ನು ಚುಚ್ಚಿ ನಿಲ್ಲಿಸಿ, ಲೇಸರ್ ಯಂತ್ರದ ಹಸಿರು ದೀಪದ ಕೆಳಗಿಟ್ಟು ಕೂತೆ.

ಕಲಬುರಗಿ ಕಡೆಯ ಪೇಶಂಟ್‌ಗಳಿಗೆ ಹೇಳುವ ರೂಢಿಯಲ್ಲಿ ಬಾಯಿಗೆ ಬಂತು: "ಹಸಿರು ದೀಪ ನೋಡ್ರಿ. ಅಲುಗಾಡಬ್ಯಾಡ್ರಿ."

ಕಣ್ಣು ದೀಪ ನೋಡಲಿಲ್ಲ. ನಿಧಾನವಾಗಿ ಎಡಕ್ಕೆ, ನರ್ಸ್ ಗುರುದೇವಿಯ ಊಟದ ಡಬ್ಬಿಯ ಕಡೆಗೆ ತಿರುಗಿತು. ಆಗಷ್ಟೇ ಐಸಿನಿಂದ ತೆಗೆದ ಕಣ್ಣು, ಬೆರಳಿಗೆ ಬೆಚ್ಚಗಿತ್ತು.

"ಡಬ್ಬ್ಯಾಗ ಏನೈತಿ?" ಎಂದೆ.

"ಮಟನ್ ರೀ ಡಾಕ್ಟ್ರೇ." ಗುರುದೇವಿಯ ದನಿ ಇಳಿಯಿತು. "ಅದ ಅಂಗಡೀದು."

"ಮೊದ್ಲ ಹೊರಗ ಇಟ್ಟು ಬಾ ಯವ್ವಾ!"

ಡಬ್ಬಿ ಹೊರಗೆ ಹೋಯಿತು. ಕಣ್ಣು ದೀಪದತ್ತ ಹೊರಳಿತು. ಪದರ ಹಾಲಿನ ಕೆನೆಯಂತೆ ಇಡಿಯಾಗಿ ಬಂತು. ಇಷ್ಟು ಮಾತು ಕೇಳುವ ಪೇಶಂಟ್ ನನಗೆ ಇಂದಿಗೂ ಸಿಕ್ಕಿಲ್ಲ.

ಗುರುದೇವಿ ಮರಳಿ ಬಂದವಳು, ಗಾಬರಿಯಲ್ಲಿ ಆ ಕಣ್ಣಿಗೂ ಹೇಳಿದಳು: "ಒಂದ್ ವಾರ ಕಣ್ಣು ತಿಕ್ಕಬ್ಯಾಡ್ರಿ."

ಪಿನ್ನುಗಳು ಸಡಿಲವಾಗಿರಬೇಕು ಎಂದುಕೊಂಡು ಮುಟ್ಟಿ ನೋಡಿದೆ. ಒಂದೂ ಅಲುಗಿರಲಿಲ್ಲ. ಕೀಳಲು ಇಕ್ಕಳ ಬೇಕಾಯಿತು.